ನಾಲ್ಕು ಸೆಂಟಿಮೀಟರ್ ತಾಲ್ಲೂಕು

ನಾಲ್ಕು ಸೆಂಟಿಮೀಟರ್ ತ್ರಿಜ್ಯದ ತಾಲ್ಲೂಕನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದಲ್ಲ, ಇಪ್ಪತ್ತಾರು.

ತಮಿಳುನಾಡಿನ ಗಡಿಯೊಳಗೆ, ರಾಯಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸಿಗೆ ರೇಖಾಗಣಿತ ಕಲಿಸುವವಳು ನಾನು. ಬಿಂದು, ರೇಖೆ, ಕೋನ ದಾಟಿ ವೃತ್ತಕ್ಕೆ ಬರುವಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ. (ಇಡೀ ಕ್ಲಾಸಿಗೆ ಕೈವಾರ ಇರುವುದು ನಾಲ್ಕು. ಕೈಯಿಂದ ಕೈಗೆ ದಾಟಬೇಕಲ್ಲ.)

ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೇಲಿನ ಆಫೀಸಿನಲ್ಲಿ ತಮಿಳಿನಲ್ಲಿ ತಯಾರಾಗುತ್ತದೆ. ಅದನ್ನು ಅಲ್ಲೇ ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತರುತ್ತಾರೆ. ತಮಿಳಿನಲ್ಲಿ ವೃತ್ತಕ್ಕೆ ‘ವಟ್ಟಂ’ ಎನ್ನುತ್ತಾರೆ. ತಾಲ್ಲೂಕಿಗೂ ‘ವಟ್ಟಂ’ ಎಂದೇ. ಪುಣ್ಯಾತ್ಮರು ಆಫೀಸಿನ ಮನುಷ್ಯರು. ಅವರಿಗೆ ಎರಡರಲ್ಲಿ ಯಾವುದು ಹತ್ತಿರ, ನೀವೇ ಹೇಳಿ?

‘ನಾಲ್ಕು ಸೆಂ.ಮೀ. ತ್ರಿಜ್ಯದ ತಾಲ್ಲೂಕನ್ನು ರಚಿಸಿ’ ಎಂದು ಅಚ್ಚಾಯಿತು. ಹತ್ತು ಅಂಕ.

ಪಾಠ ಹೇಳಿದವರು ಪರೀಕ್ಷೆಯ ಕೋಣೆಯಲ್ಲಿ ಇರಬಾರದೆಂಬುದು ರೂಲ್ಸು. ಅಲ್ಲಿದ್ದದ್ದು ಕನ್ನಡ ಓದಲು ಬಾರದ ತಮಿಳು ಮೇಷ್ಟ್ರು. ಮಕ್ಕಳು ಎದ್ದು ಕೇಳಿದವಂತೆ. “ಪೇಪರ್‌ನಲ್ಲಿ ಏನಿದೆಯೋ ಅದನ್ನೇ ಬರೀರಿ” ಎಂದರಂತೆ.

ಬರೆದವು. ಇಪ್ಪತ್ತಾರು ಮಕ್ಕಳೂ ಸಮಾಜದ ಪಾಠದಲ್ಲಿ ಕಲಿತಿದ್ದ ಹೊಸೂರು ತಾಲ್ಲೂಕಿನ ಮ್ಯಾಪು ಬರೆದವು.

ನಾನು ಆಫೀಸಿಗೆ ಕಾಗದ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು: ‘ತಾಲ್ಲೂಕು ಎಂಬಲ್ಲಿ ವೃತ್ತ ಎಂದು ಓದಿಕೊಳ್ಳುವುದು. ವೃತ್ತ ರಚಿಸಿದವರಿಗೆ ಮಾತ್ರ ಅಂಕ ನೀಡುವುದು.’ ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಯನ್ನು ತಿದ್ದುವುದು ಎಂಥ ದೊಡ್ಡ ಗುಣ ನೋಡಿ.

ಆ ಹತ್ತು ಅಂಕ ಹೋದರೆ ಗೌರಮ್ಮ ಫೇಲು. ಅಂಚೆಟ್ಟಿ ಕಡೆಯ ಹುಡುಗಿ, ಓದಿಗಾಗಿ ರಾಯಕೋಟೆಯ ಸೋದರತ್ತೆ ಮನೆಯಲ್ಲಿದ್ದಾಳೆ. ಪಾಸಿಗೆ ಮೂವತ್ತೈದು ಬೇಕು. ಅವಳದು ಮೂವತ್ತೆರಡಕ್ಕೆ ನಿಂತಿತ್ತು. ಅವಳ ಅಪ್ಪ ಸ್ಕೂಲಿಗೇ ಬಂದರು.

“ಫೇಲಾದ್ರೆ ಕರ್ಕೊಂಡೋಗ್ಬುಡ್ತೀನಿ ಟೀಚರಮ್ಮ. ಗಂಡಿನ ಕಡೇರು ಎರಡು ಸಲ ಬಂದೋದ್ರು. ನಾನೂ ಎಷ್ಟಂತ ತಡೀಲಿ?”

ಗೌರಮ್ಮ ಅಳಲಿಲ್ಲ. ನನ್ನನ್ನೇ ನೋಡಿದಳು. “ನೀವೇ ಅಲ್ವಾ ಟೀಚರ್, ಕೇಳಿದ್ದಷ್ಟೇ ಬರೀರಿ ಅಂದಿದ್ದು? ತಾಲ್ಲೂಕು ಕೇಳಿದ್ರು. ತಾಲ್ಲೂಕೇ ಬರ್ದೆ.”

ಹೌದು, ನಾನೇ ಅಂದಿದ್ದೆ. ವರ್ಷವೆಲ್ಲ ಅಂದಿದ್ದೆ. ಸ್ಟಾಫ್‌ರೂಮಿಗೆ ಹೋಗಿ ಅವಳ ಪೇಪರು ಬಿಡಿಸಿಕೊಂಡು ಕೂತೆ.

ಮ್ಯಾಪು ಚೆನ್ನಾಗಿತ್ತು. ಹೊಳೆ, ರಸ್ತೆ, ರೈಲು ಎಲ್ಲ ಇತ್ತು. ಹೊಸೂರು ಊರಿನ ಗುರುತಿಗೆ ಒಂದು ಪುಟ್ಟ ಸೊನ್ನೆ. ಕಣ್ಣಿಗೆ ಹತ್ತಿರ ಹಿಡಿದೆ. ಸೊನ್ನೆಯ ನಡುವೆ ಕೈವಾರದ ಮುಳ್ಳು ಚುಚ್ಚಿದ ತೂತಿತ್ತು. ಕೇಂದ್ರವಿದೆ, ಸುತ್ತ ಪರಿಧಿಯಿದೆ. ಇದಕ್ಕೆ ವೃತ್ತ ಎನ್ನದೆ ಇನ್ನೇನು ಎನ್ನಬೇಕು? ‘ವೃತ್ತ ಸರಿ, ತ್ರಿಜ್ಯ ತಪ್ಪು’ ಎಂದು ಕೆಂಪಿನಲ್ಲಿ ಬರೆದು ಹತ್ತಕ್ಕೆ ನಾಲ್ಕು ಹಾಕಿದೆ. ಮಿಕ್ಕ ಇಪ್ಪತ್ತೈದು ಪೇಪರುಗಳಲ್ಲೂ ಹೊಸೂರನ್ನು ಹುಡುಕಿದೆ. ದುಂಡಗೆ ಗುರುತು ಹಾಕಿದ್ದವರಿಗೆಲ್ಲ ನಾಲ್ಕು.

ಹೆಡ್‌ಮಾಸ್ಟರು ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದು ವೃತ್ತವೇನಮ್ಮಾ?”

“ಆರ್ಡರಿನಲ್ಲಿ ಅಳತೆ ಹೇಳಿಲ್ಲ ಸಾರ್. ವೃತ್ತ ರಚಿಸಿದವರಿಗೆ ಅಂತ ಮಾತ್ರ ಇದೆ.”

ಅವರು ಆರ್ಡರನ್ನು ಇನ್ನೊಂದು ಸಲ ಓದಿದರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಸಹಿ ಹಾಕಿದರು. ಗೌರಮ್ಮ ಮೂವತ್ತಾರಕ್ಕೆ ಪಾಸು. ಗಂಡಿನ ಕಡೆಯವರು ಸದ್ಯಕ್ಕೆ ಬೇರೆ ಮನೆ ನೋಡಿಕೊಂಡಿದ್ದಾರಂತೆ.

ಮೊನ್ನೆ, ಪೇಪರುಗಳ ಮೇಲಿನ ನನ್ನ ಕೆಂಪು ಷರಾ ನೋಡಿ, ಆಫೀಸಿನಿಂದ ನನಗೆ ಮೆಮೋ ಬಂದಿದೆ. ನಮ್ಮ ಶಾಲೆಯ ಮಕ್ಕಳಿಗೆ ವೃತ್ತದ ಮೂಲಪಾಠವೇ ತಿಳಿದಿಲ್ಲವಂತೆ, ನಾಲ್ಕು ಸೆಂಟಿಮೀಟರ್ ಅಳೆಯಲೂ ಬರುವುದಿಲ್ಲವಂತೆ. ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕು.

ಕೊಡುತ್ತೇನೆ. ಆದರೆ ಯಾವ ಭಾಷೆಯಲ್ಲಿ ಬರೆದರೆ ಅವರಿಗೆ ಅರ್ಥವಾದೀತು?