ನನ್ನ ಹೆಂಡತಿ ಕಡಲೆ ಹೊಲದಲ್ಲಿ ವಿಮಾನ ಇಳಿಸಿದ್ದು

ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟಿದ್ದೆವು. ಎಂಜಿನ್ ಒಂದೆರಡು ಸಲ ಕೆಮ್ಮಿತು, ಆಮೇಲೆ ಗಪ್ ಆಯಿತು.

ಕಾರಿನಲ್ಲಲ್ಲ ಗೆಳೆಯರೇ, ವಿಮಾನದಲ್ಲಿ! ನಾಲ್ಕು ಸೀಟಿನ ಸಣ್ಣ ಪ್ರೈವೇಟ್ ವಿಮಾನ. ಒಳಗಿದ್ದವರು ಇಬ್ಬರೇ... ನಾನು, ಮತ್ತು ಅದನ್ನು ಹಾರಿಸುತ್ತಿದ್ದ ನನ್ನ ಹೆಂಡತಿ ಅಂಬಿಕಾ.

ಅಂಬಿಕಾ ಪೈಲಟ್. ಹೈದರಾಬಾದಿನ ಉದ್ಯಮಿಯೊಬ್ಬರ ವಿಮಾನವನ್ನು ಪುಣೆ ಕಡೆ ಒಯ್ದು ಮುಟ್ಟಿಸಬೇಕಿತ್ತು. ಸೀಟು ಖಾಲಿ ಇದೆ, ಯಜಮಾನರನ್ನೂ ಕರೆದುಕೊಂಡು ಹೋಗಿ ಎಂದು ಅವರೇ ಹೇಳಿದ್ದರು.

ನಾನು ಹುಮನಾಬಾದಿನಲ್ಲಿ ನೀರಾವರಿ ಪೈಪು, ಸ್ಪ್ರಿಂಕ್ಲರ್ ಮಾರುವವನು. ಮನ್ನಾಏಖೇಳ್ಳಿ ಬಂತು, ನಮ್ಮೂರು ಬಂತು ಎಂದು ಕಿಟಕಿಗೆ ಮೂಗು ಹಚ್ಚಿ ಕೂತಿದ್ದೆ. ನನ್ನ ಅಂಗಡಿಯ ತಗಡಿನ ಮಾಡಿನ ಫೋಟೋ ಕೂಡ ತೆಗೆದೆ.

ಎಂಜಿನ್ ನಿಂತ ಮೇಲೆ ಬರೀ ಗಾಳಿಯ ಸದ್ದು.

ಕೆಳಗೆ ಊರಿನ ಸ್ಕೂಲಿನಲ್ಲಿ ನಮ್ಮ ಮಗಳು ಕೂತಿದ್ದಾಳೆ. ಅವಳ ಅಪ್ಪ, ಅವ್ವ ಇಬ್ಬರೂ ಇದೇ ವಿಮಾನದಲ್ಲಿ... ನನ್ನ ತಲೆಗೆ ಬಂದದ್ದು ಅದೊಂದೇ.

ಆಗ ಅಂಬಿಕಾ ಮಾಡಿದ ಮೊದಲ ಕೆಲಸವೇನು ಗೊತ್ತೇ? ವಿಮಾನದ ಮೂತಿಯನ್ನು ಇನ್ನಷ್ಟು ಕೆಳಕ್ಕೆ ಬಾಗಿಸಿದಳು!

"ಏ, ಮ್ಯಾಲೆ ಎತ್ತು! ಮ್ಯಾಲೆ ಎತ್ತು!" ಎಂದು ಒದರಿದೆ.

"ಎತ್ತಿದ್ರ ಸ್ಪೀಡ್ ಹೋಗಿ ಕಲ್ಲು ಬಿದ್ದಂಗ ಬೀಳ್ತೀವಿ. ಸುಮ್ಮ ಕೂಡ್ರಿ" ಎಂದಳು.

ಮನೆಯಲ್ಲಿ ಹಾಲು ಉಕ್ಕಿದರೆ ಇದಕ್ಕಿಂತ ಜೋರಾಗಿ ಕೂಗುತ್ತಾಳೆ.

ಪೆಟ್ರೋಲ್ ಇನ್ನೊಂದು ಟ್ಯಾಂಕಿನಿಂದ ಬರುವಂತೆ ತಿರುವಿದಳು, ಪಂಪ್ ಹಾಕಿದಳು, ಕೀ ತಿರುವಿ ನೋಡಿದಳು. ಎಂಜಿನ್ ಏಳಲೇ ಇಲ್ಲ. ರೇಡಿಯೋದಲ್ಲಿ ಮೇಡೇ, ಅಂದರೆ ಜೀವಕ್ಕೆ ಅಪಾಯ ಎಂದು ಕೂಗಿ, ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ ಎಂದು ತಿಳಿಸಿದಳು. ಅಲ್ಲಿಂದ ಮುಂದೆ ಅವಳ ಕಣ್ಣೆಲ್ಲ ನೆಲದ ಮೇಲೆಯೇ.

ಹೈವೇ ಮೇಲೆ ಇಳಿಸು ಎಂದೆ.

"ಕಬ್ಬಿನ ಟ್ರ್ಯಾಕ್ಟರ್ ಕಾಣಂಗಿಲ್ಲೇನ್ರಿ? ನಮ್ಮ ಜೀವ ಉಳಸ್ಕೊಳ್ಳಾಕ ಮಂದಿ ಮ್ಯಾಲೆ ಹೋಗಿ ಬೀಳೂದೇನು?"

ನಾನೂ ಕೆಳಗೆ ಖಾಲಿ ಜಾಗ ಹುಡುಕತೊಡಗಿದೆ.

ದೂರದಲ್ಲಿ ಯಾರದೋ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಮಷೀನಿನಿಂದ ಹೊಟ್ಟು ಪಶ್ಚಿಮಕ್ಕೆ ಹಾರುತ್ತಿತ್ತು. ಅದನ್ನು ನೋಡಿಯೇ ಗಾಳಿ ಎತ್ತ ಬೀಸುತ್ತಿದೆ ಎಂದು ಹಿಡಿದಳು. ಗಾಳಿಗೆ ಎದುರಾಗಿ ಇಳಿದರೆ ವಿಮಾನ ಬೇಗ ನಿಲ್ಲುತ್ತದಂತೆ.

ಎಡಗಡೆ ಒಂದು ಹಸಿರು ಹೊಲ, ಸಪಾಟಾಗಿತ್ತು. "ಅದರಾಗ ಇಳಸ್ತೀನಿ" ಎಂದಳು.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬೆಳೆಯ ನಡುವೆ ಅಡ್ಡಡ್ಡ ಕಪ್ಪು ಗೆರೆಗಳು. ಅಯ್ಯೋ ದೇವರೇ! ವರ್ಷವಿಡೀ ಮಾರುವ ಮಾಲು, ಗುರುತು ಸಿಗದೆ ಇರುತ್ತದೆಯೇ?

"ಅದು ಬ್ಯಾಡ! ಸ್ಪ್ರಿಂಕ್ಲರ್ ಪೈಪ್ ಅಡ್ಡ ಹಾಸ್ಯಾರ. ಗಾಲಿ ತಾಗಿದ್ರ ಪಲ್ಟಿ ಹೊಡೀತದ!"

"ಖರೇನಾ?"

"ನಂದೇ ಧಂದಾ ಅದ!"

ಅವಳು ಒಂದು ಮಾತೂ ವಾದ ಮಾಡಲಿಲ್ಲ. ಪಕ್ಕದಲ್ಲಿ ಬೆಳೆ ಕಿತ್ತ ಕಡಲೆ ಹೊಲವಿತ್ತು, ಅದರತ್ತ ತಿರುಗಿಸಿದಳು. ಮನೆಯ ಪರದೆಯ ಬಣ್ಣಕ್ಕೂ ನನ್ನ ಮಾತು ಕೇಳದವಳು ಅಲ್ಲಿ ಕೇಳಿದಳು...

"ಬೆಲ್ಟ್ ಬಿಗಿ ಮಾಡ್ರಿ. ಬಾಗಲಾ ಲಾಕ್ ತಗದಿಡ್ರಿ, ಆಮ್ಯಾಲೆ ಸಿಕ್ಕೊಂತದ. ನಿಮ್ಮ ಕಡೆ ಕರೆಂಟ್ ವೈರ್ ಅದಾವೇನು ನೋಡ್ರಿ."

ಇಲ್ಲ ಎಂದೆ. ಬೆಂಕಿ ಹತ್ತಬಾರದೆಂದು ಪೆಟ್ರೋಲ್ ಬಂದ್ ಮಾಡಿದಳು, ಸ್ವಿಚ್ ಬಂದ್ ಮಾಡಿದಳು. ನೆಲ ಮೇಲೆ ಬರುತ್ತಿದೆ. ನಾನು ಕಣ್ಣು ಮುಚ್ಚಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಧಡ್!

ಜಿಗಿದು ಮತ್ತೆ ಧಡ್! ಸಾಲುಗಳ ಉದ್ದಕ್ಕೂ ಓಡಿತು. ಗಾಜಿನ ಮೇಲೆಲ್ಲ ಕರಿಮಣ್ಣು. ಮುಂದಿನ ಗಾಲಿ ಮುರಿದು, ಮೂತಿ ಮಣ್ಣಿಗೆ ಊರಿ ನಿಂತಿತು.

"ಇಳೀರಿ! ದೂರ ಓಡ್ರಿ!"

ಓಡಿದೆವು. ಬೆಂಕಿ ಹತ್ತಲಿಲ್ಲ. ಬೆಲ್ಟ್ ಒತ್ತಿ ನನ್ನ ಭುಜ ಕಪ್ಪಾಗಿತ್ತು, ಅಷ್ಟೇ. "ನಿಮಗ ಏನೂ ಆಗಿಲ್ಲಲ್ಲಾ?" ಎಂದು ಅಂಬಿಕಾ ನನ್ನ ತಲೆ, ಕೈ ಎಲ್ಲ ಮುಟ್ಟಿ ನೋಡಿದಳು. ನಾನು ಅವಳ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ಸುತ್ತಲಿನ ಹೊಲಗಳಿಂದ ಮಂದಿ ಓಡಿ ಬಂದರು. ರುಮಾಲು ಸುತ್ತಿದ ಹಿರಿಯರೊಬ್ಬರು ನನ್ನ ಎರಡೂ ಕೈ ಹಿಡಿದು ಕುಲುಕಿದರು.

"ಶಹಬ್ಬಾಸ್ ಪೈಲಟ್ ಸಾಹೇಬ್ರ! ಏನ್ ಇಳಿಸಿದ್ರಿ!"

"ನಾ ಅಲ್ರಿ ಕಾಕಾ. ಇಕಿ. ನನ್ನ ಹೆಣ್ತಿ."

ಆ ಮಾತು ಹೇಳುವಾಗ ನನ್ನ ಎದೆ ಎಷ್ಟು ಅಗಲವಾಗಿತ್ತೋ ನನಗೇ ಗೊತ್ತು. ಅವರು ಒಮ್ಮೆ ಅವಳನ್ನು, ಒಮ್ಮೆ ವಿಮಾನವನ್ನು ನೋಡಿ ಕೈ ಮುಗಿದುಬಿಟ್ಟರು.

ಹೊಲದೊಡತಿ ಶರಣಮ್ಮ ಬದುವಿನ ಕಡೆಯಿಂದ ಬಂದಳು. ಹೊಲ ಹಾಳಾಯಿತೆಂದು ಬಯ್ಯುತ್ತಾಳೆ ಎಂದುಕೊಂಡೆ. ಆಕೆ ಅಂಬಿಕಾಳ ಗಲ್ಲ ಸವರಿ, "ಹೆಣ್ಮಗಳು ನಮ್ಮ ಹೊಲಕ್ಕ ಬಂದಾಳ. ಬರೀ ಉಡೀಲೆ ಹ್ಯಾಂಗ ಕಳಸಲಿ? ಉಡಿ ಒಡ್ಡವ್ವ" ಎಂದಳು.

ಮಡಿಲು ತುಂಬಿಸಿಕೊಳ್ಳಲು ಪ್ಯಾಂಟು ಶರ್ಟಿನವಳಿಗೆ ಸೆರಗೆಲ್ಲಿಂದ ಬರಬೇಕು? ಅಂಬಿಕಾ ಅತ್ತಿತ್ತ ನೋಡಿ, ಮೈಮೇಲಿನ ಮಿಂಚುವ ಹಳದಿ ಜಾಕೆಟ್ ಬಿಚ್ಚಿ ಒಡ್ಡಿದಳು.

ಶರಣಮ್ಮ ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ಹತ್ತಿಸಿ ಅವಳ ಹಣೆಗಿಟ್ಟಳು. ಬೊಗಸೆ ಬೊಗಸೆ ಕಡಲೆ ಸುರಿದಳು. ಅಷ್ಟೊತ್ತು ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ನನ್ನ ಹೆಂಡತಿ ಆಗ ಅತ್ತಳು. ನಾನೂ ಅತ್ತೆ.

ಸಂಜೆ ಮನೆಗೆ ಹೋಗಿ ಮಗಳನ್ನು ಇಬ್ಬರೂ ತಬ್ಬಿಕೊಂಡೆವು. ಎಂಜಿನ್ ಯಾಕೆ ನಿಂತಿತೆಂದು ತನಿಖೆ ನಡೆದಿದೆ, ಅದರ ಬಗ್ಗೆ ನಾನು ಮಾತಾಡುವುದಿಲ್ಲ.

ಅಂದಿನಿಂದ ಅಂಗಡಿಗೆ ಬಂದವರದೆಲ್ಲ ಒಂದೇ ಪ್ರಶ್ನೆ... ಇನ್ನೊಮ್ಮೆ ಹೆಂಡತಿಯ ವಿಮಾನದಲ್ಲಿ ಕೂಡುತ್ತೀರೇನು ಎಂದು.

ಎಂಜಿನ್ ಸತ್ತ ವಿಮಾನದಿಂದ ನನ್ನನ್ನು ಜೀವಂತ ಇಳಿಸಿದವಳನ್ನು ಬಿಟ್ಟು ಇನ್ಯಾರ ಪಕ್ಕ ಕೂಡಲಿ, ನೀವೇ ಹೇಳಿ?