ಹೆದೆ ಬಿಚ್ಚುವ ಕೈ

ಬೀದರ ಕೋಟೆಯ ಕಡೆಗೆ ಹೋಗುವ ಗಲ್ಲಿಯಲ್ಲಿ ಇನ್ನೂ ಚಹಾದ ಒಲೆ ಹೊತ್ತಿಲ್ಲ. ಮುನವ್ವರ ಬೇಗಂ ಮಾತ್ರ ಅಂಗಡಿ ತೆರೆದು, ತೊಡೆಯ ಮೇಲೆ ಹಳೆಯ ಅಡ್ಡಬಿಲ್ಲೊಂದನ್ನು ಮಲಗಿಸಿಕೊಂಡು ಕೂತಿದ್ದಾರೆ. ಬಂದೂಕಿನಂಥ ಮರದ ಹಿಡಿ, ಅದರ ತುದಿಗೆ ಅಡ್ಡವಾಗಿ ಬಿಲ್ಲು, ಕೆಳಗೆ ಒತ್ತುವ ಕುದುರೆ. ಚಿಟಿಕೆ ಹತ್ತಿ ತೆಗೆದು ಬಿಲ್ಲಿನ ಬೆನ್ನ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಒಂದು ಕಡೆ ಎಳೆ ಸಿಕ್ಕಿಕೊಳ್ಳುತ್ತದೆ.

"ಸೀಳಿದ್ದು ಕಣ್ಣಿಗಿ ಕಾಣಂಗಿಲ್ರಿ, ಹತ್ತಿಗಿ ಗೊತ್ತಾಗ್ತದ" ಎನ್ನುತ್ತಾರೆ.

ಐವತ್ನಾಲ್ಕರ ಈ ಹೆಂಗಸು ಹುಟ್ಟಿದ್ದು ಹತ್ತಿ ಹಿಂಜುವ ಪಿಂಜಾರರ ಮನೆಯಲ್ಲಿ. ಆಳೆತ್ತರದ ಕಮಾನಿಗೆ ಬಿಗಿದ ಹೆದೆಯನ್ನು ಮರದ ಕೊಡತಿಯಿಂದ ಮೀಟಿದರೆ ಹತ್ತಿ ಹೂವಾಗಿ ಏಳುತ್ತಿತ್ತು. ಯಂತ್ರ ಬಂದ ಮೇಲೆ ಅಪ್ಪನ ಆ ಕಮಾನು ಗೋಡೆ ಸೇರಿತು. ಆದರೂ ಹೆದೆ ಹೊಸೆಯುವ ಕೈ ಸುಮ್ಮನಿರಬೇಕಲ್ಲ! ಭಾಲ್ಕಿ, ಔರಾದಗಳಿಂದ ಜನ ಅಜ್ಜಂದಿರ ಕಾಲದ ಅಡ್ಡಬಿಲ್ಲುಗಳನ್ನು ಹೊತ್ತು ತರತೊಡಗಿದರು. ಹೊಲಕ್ಕೆ ನುಗ್ಗುವ ಹಂದಿ ಹೆದರಿಸಲು ಕೆಲವರಿಗೆ, ಬರೀ ಶೋಕಿಗೆ ಕೆಲವರಿಗೆ. ಈ ವರ್ಷ ಬಂದದ್ದು ಹತ್ತೊಂಬತ್ತು. ಹೊಸ ಹೆದೆ ಕಂಡದ್ದು ಮೂರು ಮಾತ್ರ. ಸೀಳು ಬಿಟ್ಟಿದ್ದ ಉಳಿದವುಗಳ ಹೆದೆ ಬಿಚ್ಚಿ, "ಗೋಡಿಗಿ ಹಾಕ್ರಿ, ಚಂದ ಕಾಣ್ತದ" ಎಂದು ಕಳಿಸಿದ್ದಾರೆ. ಮುಖ ಗಂಟಿಕ್ಕಿಕೊಂಡು ಹೋದವರೇ ಹೆಚ್ಚು.

ಇಷ್ಟು ಹಟ ಎಲ್ಲಿಂದ ಬಂತು ಎಂದರೆ, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ಕೂತ ಗಂಡ ಅಬ್ದುಲ ಮಜೀದರ ಕಡೆ ನೋಡುತ್ತಾರೆ. ಒಂಬತ್ತು ವರ್ಷಗಳ ಹಿಂದೆ ಮುನವ್ವರ ಭಾಲ್ಕಿಯ ಬಿಲ್ಲೊಂದಕ್ಕೆ ಹೊಸ ಹೆದೆ ಕಟ್ಟಿ, ಸಪ್ಪಳ ಕೇಳೋಣವೆಂದು ಬಾಣವಿಲ್ಲದೆ ಕುದುರೆ ಒತ್ತಿದ್ದರು. ಮಜೀದರು ಚಹಾ ಹಿಡಿದು ಎದುರಿಗೇ ನಿಂತಿದ್ದರು. ಬಿಲ್ಲು ಸಿಡಿಯಿತು. ಚೂರು ಮಜೀದರ ಎಡಗಣ್ಣಿಗೆ ಬಡಿಯಿತು.

"ಹತ್ತಿ ಕಮಾನಿಗಿ ಬಾಣಾನೇ ಇರಂಗಿಲ್ರಿ. ದಿನಾ ಖಾಲಿ ಹೊಡದ ಕೈ ನಂದು. ಬಾಣ ಇಲ್ಲಂದ್ರ ಭಯ ಇಲ್ಲಂತ ತಿಳಿದೆ. ಬಾಣ ಇದ್ರ ಜೋರೆಲ್ಲ ಅದರ ಸಂಗಾಟ ಹೋಗ್ತದ. ಇಲ್ಲಂದ್ರ ತಿರುಗಿ ಬಿಲ್ಲಿಗೇ ಬರ್ತದ್ರಿ. ಒಣಗಿದ ಬಿಲ್ಲು ಹ್ಯಾಂಗ ತಡೀತದ?"

ಅಂದಿನಿಂದ ಅವರು ಗೋಡೆಯ ಮೇಲಿನ ಹತ್ತಿಯ ಕಮಾನನ್ನೂ ಒಮ್ಮೆಯೂ ಮೀಟಿಲ್ಲ. ಮಜೀದರು ಮಾತ್ರ ನಗುತ್ತಾರೆ: "ಒಂದ ಕಣ್ಣಾಗ ನೋಡಿದ್ರೂ ಬೇಗಂ ಛಲೋನೇ ಕಾಣ್ತಾಳ್ರಿ." ಆ ನಗು ಮುನವ್ವರರನ್ನು ಬೈಗುಳಕ್ಕಿಂತ ಹೆಚ್ಚು ಅಳಿಸಿದೆ.

ಏಳಕ್ಕೆ ಔರಾದಿನ ಶಾಲಾ ಶಿಕ್ಷಕಿ ಬಸವೇಶ್ವರಿ ಬರುತ್ತಾರೆ. ತೊಡೆಯ ಮೇಲಿನ ಬಿಲ್ಲು ಅವರದೇ. ಸಂಜೆ ಶಾಲೆಯ ಗ್ಯಾದರಿಂಗಿನ ನಾಟಕ, ಬೇಡತಿಯ ಪಾತ್ರದ ಹುಡುಗಿಗೆ ಅದು ಬೇಕು.

"ಬಾಣ ಹಾಕಂಗಿಲ್ರಿ ಚಾಚಿ. ಬರೇ ಕುದುರಿ ಒತ್ತತಾಳ, ಟಣ್ ಅಂತ ಸಪ್ಪಳ ಬರಬೇಕಷ್ಟ. ಬಾಣ ಇಲ್ಲಂದ ಮ್ಯಾಲ ಏನಾಗ್ತದ್ರಿ?"

ಮುನವ್ವರ ವಾದಕ್ಕಿಳಿಯುವುದಿಲ್ಲ. ಗಂಡನ ಕಡೆ ನೋಡುತ್ತಾರೆ. ಮಜೀದರು ಕಪ್ಪು ಕನ್ನಡಕ ತೆಗೆಯುತ್ತಾರೆ. "ಅವತ್ತೂ ಬಾಣ ಇರ್ಲಿಲ್ರಿ ಟೀಚರ್" ಎನ್ನುತ್ತಾರೆ ಮುನವ್ವರ.

ಬಸವೇಶ್ವರಿ ಆ ಕಣ್ಣನ್ನೂ ತೊಡೆಯ ಮೇಲಿನ ಬಿಲ್ಲನ್ನೂ ನೋಡುತ್ತಾರೆ. ಆಮೇಲೆ, "ಬಿಚ್ಚಿ ಬಿಡ್ರಿ ಚಾಚಿ" ಎನ್ನುತ್ತಾರೆ.

ಬಿಗಿದ ಹೆದೆಗೆ ಕತ್ತರಿ ಹಾಕಿದರೆ ಅದೂ ಖಾಲಿ ಹೊಡೆತವೇ. ಮುನವ್ವರ ಇನ್ನೊಂದು ಹಗ್ಗ ಕಟ್ಟಿ, ಬಿಲ್ಲನ್ನು ತುಸುವೇ ಬಾಗಿಸಿ, ಹೆದೆಯ ಕುಣಿಕೆಯನ್ನು ಜಾರಿಸುತ್ತಾರೆ. ಆ ಜಾಗಕ್ಕೆ ಹತ್ತಿಯ ನೂಲು ಸಡಿಲವಾಗಿ ಕಟ್ಟುತ್ತಾರೆ. ದೂರದಿಂದ ಯಾರಿಗೂ ಗೊತ್ತಾಗದು.

"ಸಪ್ಪಳ?" ಎಂದು ಶಿಕ್ಷಕಿ ಕೇಳುತ್ತಾರೆ.

ಮುನವ್ವರ ಗೋಡೆಯತ್ತ ನೋಡುತ್ತಾರೆ. ಎದ್ದು ಅಪ್ಪನ ಕಮಾನನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸುತ್ತಾರೆ. ಮರದ ಮೇಲೆ ಉದ್ದಕ್ಕೂ ಹತ್ತಿ ಎಳೆದು ನೋಡುತ್ತಾರೆ. ಎಳೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

"ಪರದೆ ಹಿಂದ ಕೂತು ನಾ ಮೀಟ್ತೇನಿ. ಔರಾದಿಗಿ ಬರ್ತೇನಿ, ನಡೀರಿ."

"ನಾನೂ ಬರ್ತೇನಿ" ಎಂದು ಮಜೀದರು ಚಪ್ಪಲಿ ಹುಡುಕುತ್ತಾರೆ. "ಎಲ್ಲಿ ಕೂಡಲಿ?"

ಕಮಾನನ್ನು ಹೆಗಲಿಗೇರಿಸಿದ ಮುನವ್ವರ ಒಂದು ಗಳಿಗೆ ತಡೆದು ಹೇಳುತ್ತಾರೆ: "ನನ್ನ ಎದುರಿಗೇ ಕೂಡ್ರಿ."