ಮೀಸೆ ನೋಡಿ ಬೆರಳೆತ್ತಿದವರು

ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಕಿವಿ ಪರೀಕ್ಷೆಗೆಂದು ನಾನು ಒಂದು ಮರದ ಗೂಡು ಕಟ್ಟಿಸಿದ್ದು ಎಪ್ಪತ್ತೊಂಬತ್ತರಲ್ಲೋ ಎಂಬತ್ತರಲ್ಲೋ, ಖಚಿತವಿಲ್ಲ. ಅದಕ್ಕೆ ಹಸಿರು ಬಣ್ಣ ಬಳಿಸಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆಗಿನ ಕಾಂಪೌಂಡರು ಬೂದು ಬಣ್ಣ ಎನ್ನುತ್ತಾರೆ. ದಿನವಿಡೀ ಅದರ ಎದುರು ಕೂತವರು ಅವರು, ಅವರ ಮಾತೇ ಸರಿಯಿರಬಹುದು. ಆದರೆ ಅದಕ್ಕೊಂದು ಗಾಜಿನ ಕಿಟಕಿ ಇತ್ತು ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಮುಂದೆ ಆದದ್ದಕ್ಕೆಲ್ಲ ಕಾರಣ ಆ ಕಿಟಕಿ. ಕಿಟಕಿ ಇಡಬೇಕೆಂದವನು ನಾನು.

ನಾನು ಆಗ ಅಲ್ಲಿ ವೆಲ್ಫೇರ್ ಆಫೀಸರ್. ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿ, ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದೆಂಬ ಒಂದೇ ಪಾಠ ತಲೆಗೆ ಹತ್ತಿಸಿಕೊಂಡು ಬಂದವನು. ಒಂದು ಕಡೆ ಕೂತು ಫೈಲು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಗಮನಿಸಿಯೋ ಏನೋ, ಪೇಂಟ್ ಡಬ್ಬಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕಾರ್ಮಿಕರಿಗೊಂದು ಚಿಕಿತ್ಸಾಲಯ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು. ರೋಗಿ ಮಲಗುವ ಮಂಚ, ಉಕ್ಕಿನ ಬೀರು, ತೂಕದ ಯಂತ್ರ, ಸ್ಟ್ರೆಚರ್ ಎಲ್ಲವನ್ನೂ ನಾನೇ ಓಡಾಡಿ ತರಿಸಿದೆ. ಸ್ಟ್ರೆಚರ್ ಬಂದ ವಾರದಲ್ಲೇ ಅದರ ಮೇಲೆ ಮೊದಲು ಮಲಗಿದ್ದು ಕ್ಯಾಂಟೀನಿಗೆ ಹೋಗುತ್ತಿದ್ದ ಆರು ಕುಂಬಳಕಾಯಿ. ಕಣ್ಣಿನ ಪರೀಕ್ಷೆಗೆ ಕನ್ನಡ ಅಕ್ಷರಗಳ ಚಾರ್ಟು ತೂಗುಹಾಕಿದ್ದೆ. ಮೂರನೇ ದಿನಕ್ಕೆ ಇಡೀ ಕಾರ್ಖಾನೆಗೆ ಅದು ಬಾಯಿಪಾಠವಾಗಿತ್ತು. ಒಬ್ಬರಂತೂ ಇನ್ನೂ ಬಾಗಿಲು ದಾಟುವ ಮೊದಲೇ ಕೊನೆಯ ಸಾಲನ್ನು ಒಪ್ಪಿಸಿಬಿಟ್ಟರು. ನನಗೆ ಆಗಲೇ ಬುದ್ಧಿ ಬರಬೇಕಿತ್ತು.

ನನ್ನ ಕೋಣೆಯ ಗೋಡೆಯ ಆಚೆಗೆ ಪ್ರೆಸ್ ಶಾಪ್ ಇತ್ತು. ತಗಡನ್ನು ಒತ್ತಿ ಆಕಾರ ಕೊಡುವ ಹದಿನೆಂಟೋ ಇಪ್ಪತ್ತೋ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಬಡಿಯುತ್ತಿದ್ದವು. ನನ್ನ ಮೇಜಿನ ಮೇಲಿನ ಗುಂಡುಸೂಜಿಗಳು ತಾವಾಗಿಯೇ ಅಂಚಿಗೆ ನಡೆದುಬರುತ್ತಿದ್ದವು. ಶಾಪಿನೊಳಗೆ ಮಾತು ಕೇಳಿಸುವ ಪ್ರಶ್ನೆಯೇ ಇರಲಿಲ್ಲ. ಹಾಗೆಂದು ಅಲ್ಲಿಯವರು ಸುಮ್ಮನಿದ್ದರೆಂದಲ್ಲ, ಇಡೀ ಕಾರ್ಖಾನೆಯಲ್ಲಿ ಅತಿ ಹೆಚ್ಚು ಹರಟುತ್ತಿದ್ದವರೇ ಅವರು. ಎಲ್ಲವೂ ಕೈಸನ್ನೆ, ಕಣ್ಸನ್ನೆ, ತುಟಿಯ ಚಲನೆ. ಅಂಗೈಯನ್ನು ತಲೆಯ ಮೇಲೆ ಹಿಂದಕ್ಕೆ ಸವರಿದರೆ ಬೋಳುತಲೆಯ ವರ್ಕ್ಸ್ ಮ್ಯಾನೇಜರ್ ಬರುತ್ತಿದ್ದಾರೆ ಎಂದು ಅರ್ಥ. ಮೂಗಿನ ಮೇಲೆ ಬೆರಳಿಟ್ಟು ಕನ್ನಡಕ ಸರಿಸಿದಂತೆ ಮಾಡಿದರೆ ನಾನು. ನನ್ನ ಸನ್ನೆಯ ಜೊತೆಗೆ ಸ್ವಲ್ಪ ನಗುವನ್ನೂ ಸೇರಿಸುತ್ತಿದ್ದರು.

ಅವರ ಕಿವಿಗಳು ಹಾಳಾಗುತ್ತಿವೆ ಎಂದು ನನಗೆ ಅನುಮಾನ. ಎಲ್ಲರಿಗೂ ಇಯರ್ ಮಫ್, ಅಂದರೆ ಕಿವಿಗಳನ್ನು ಪೂರ್ತಿ ಮುಚ್ಚುವ ದಪ್ಪ ಬಟ್ಟಲುಗಳನ್ನು ಕೊಡಿಸಬೇಕೆಂದು ವರ್ಕ್ಸ್ ಮ್ಯಾನೇಜರರ ಮುಂದೆ ನಿಂತೆ.

"ಒಬ್ಬ ಕಿವುಡನ್ನ ತೋರಿಸಿ, ಸೈನ್ ಹಾಕ್ತೀನಿ," ಎಂದರು. "ಎವಿಡೆನ್ಸ್ ಬೇಕು ಕಣ್ರೀ. ಯೂನಿವರ್ಸಿಟಿಯಲ್ಲಿ ಓದಿದೋರು ನೀವು. ನಿಮಗೆ ನಾನು ಹೇಳಿಕೊಡಬೇಕಾ?"

ನನ್ನದೇ ಪಾಠವನ್ನು ನನಗೆ ತಿರುಗಿಸಿ ಕೊಟ್ಟಿದ್ದರು. ಹಾಗಾಗಿ ಕಿವಿ ಅಳೆಯುವ ಆಡಿಯೋಮೀಟರ್ ತರಿಸಿದೆ, ಬಡಗಿಯ ಕೈಯಲ್ಲಿ ಗೂಡು ಕಟ್ಟಿಸಿದೆ. ಎರಡು ಪದರ ಪ್ಲೈವುಡ್, ನಡುವೆ ತೆಂಗಿನ ನಾರು, ಒಳಗೆ ಒಂದು ಸ್ಟೂಲು. ಬಾಗಿಲು ಹಾಕಿದರೆ ಒಳಗಿರುವವರು ಗಾಬರಿಯಾದಾರೆಂದು ನಾನೇ ಗಾಜಿನ ಕಿಟಕಿ ಇಡಿಸಿದೆ. ಕಾರ್ಮಿಕ ಹೆಡ್‌ಫೋನ್ ಹಾಕಿಕೊಂಡು ಒಳಗೆ ಕೂರಬೇಕು. ಕಿಟಕಿಯ ಈಚೆಗೆ ಕಾಂಪೌಂಡರು ಯಂತ್ರದ ಗುಂಡಿ ಒತ್ತುತ್ತಾರೆ, ಒಂದು ಸಣ್ಣ ಸ್ವರ ಹೊರಡುತ್ತದೆ. ಕೇಳಿಸಿದರೆ ಬೆರಳೆತ್ತಬೇಕು. ಸ್ವರವನ್ನು ಕಡಿಮೆ ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಕೇಳಿಸಿತು ಎಂದು ಗ್ರಾಫ್ ಹಾಳೆಯಲ್ಲಿ ಗುರುತು ಹಾಕುವುದು. ಇಷ್ಟೇ.

ಎರಡು ವಾರ ಪರೀಕ್ಷೆ ನಡೆಯಿತು. ಹೆಬ್ಬಾಳದಿಂದ ಸ್ಕೂಟರಿನಲ್ಲಿ ಮಧ್ಯಾಹ್ನ ಮಾತ್ರ ಬರುತ್ತಿದ್ದ ಡಾಕ್ಟರು ಹಾಳೆಗಳನ್ನು ಮಗುಚಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಇವರೇನು ಮನುಷ್ಯರಾ, ಬಾವಲಿಗಳಾ?" ಎಂದರು. "ಇಷ್ಟು ಒಳ್ಳೇ ಕಿವಿ ನನ್ನ ಆರು ವರ್ಷದ ಮಗಳಿಗೂ ಇಲ್ಲ."

ಇಡೀ ಪ್ರೆಸ್ ಶಾಪಿನಲ್ಲಿ ಒಬ್ಬ ಕಿವುಡನೂ ಇರಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಗ್ರಾಫು ಅಲ್ಲಿನ ಅತಿ ಹಿರಿಯ ಆಪರೇಟರರದು. ಶೆಟ್ಟಿಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವರನ್ನು ಎಲ್ಲರೂ ಶೆಟ್ಟಿಹಳ್ಳಿ ಅಣ್ಣ ಎನ್ನುತ್ತಿದ್ದರು. ಅತಿ ದೊಡ್ಡ ಪ್ರೆಸ್ಸನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದವರು. ಅವರ ಹಾಳೆಯ ಗೆರೆ ಮೇಜಿನ ಅಂಚಿನಷ್ಟು ನೇರವಾಗಿತ್ತು.

ಆ ಹಾಳೆಯನ್ನು ಮೆಚ್ಚಿಕೊಳ್ಳುತ್ತಾ ಕೂತಿದ್ದಾಗ ಕಾಂಪೌಂಡರು ಒಳಗೆ ಬಂದರು. ದೊಡ್ಡ ಮೀಸೆಯ, ಬಹಳ ಶಿಸ್ತಿನ ಮನುಷ್ಯ. ಮುಖ ಸಣ್ಣದಾಗಿತ್ತು.

"ಸಾರ್, ಒಂದ್ ತಪ್ಪಾಗಿದೆ. ಶೆಟ್ಟಿಹಳ್ಳಿ ಅಣ್ಣಂಗೆ ಟೆಸ್ಟ್ ಮಾಡಿದ್ನಲ್ಲ, ಹೆಡ್‌ಫೋನ್ ವೈರು ಮಿಷಿನ್‌ಗೆ ಹಾಕಿರ್ಲೇ ಇಲ್ಲ."

"ಯಾವಾಗ ನೋಡಿದ್ರಿ?"

"ಎಲ್ಲಾ ಮುಗಿದು, ಅವರು 'ಚೆನ್ನಾಗಿ ಕೇಳಿಸ್ತು' ಅಂತ ಕೈ ಮುಗಿದು ಹೋದ್ಮೇಲೆ."

ಕಾಂಪೌಂಡರನ್ನು ಯಂತ್ರದ ಮುಂದೆ ಕೂರಿಸಿ, ನಾನು ಗೂಡಿನೊಳಗೆ ಹೋಗಿ ಕಿಟಕಿಯಿಂದ ನೋಡಿದೆ. ಗುಂಡಿ ಒತ್ತಿ ಎಂದೆ. ಒತ್ತಿದರು. ಒತ್ತುವಾಗಲೆಲ್ಲ ತುಟಿ ಬಿಗಿಹಿಡಿಯುವ ಅಭ್ಯಾಸ ಅವರಿಗೆ. ಬಿಗಿಹಿಡಿದಾಗಲೆಲ್ಲ ಮೀಸೆಯ ಎಡತುದಿ ಒಂದು ಕೂದಲೆಳೆಯಷ್ಟು ಮೇಲಕ್ಕೇಳುತ್ತಿತ್ತು. ನೀವಾಗಲಿ ನಾನಾಗಲಿ ಅದನ್ನು ಗಮನಿಸುವವರಲ್ಲ. ಆದರೆ ಇಪ್ಪತ್ತು ಅಡಿ ದೂರದಲ್ಲಿರುವವನ ಹುಬ್ಬು ನೋಡಿ ಊಟಕ್ಕೆ ಏನು ತಂದಿದ್ದಾನೆಂದು ತಿಳಿಯುವವರಿಗೆ ಅದು ತಮಟೆ ಬಾರಿಸಿದಷ್ಟು ಸ್ಪಷ್ಟ.

ಮರುದಿನ ಶೆಟ್ಟಿಹಳ್ಳಿ ಅಣ್ಣನನ್ನು ಕರೆಸಿದೆ. ಎದುರು ಕೂತು, "ಏನ್ ಸಾ, ಬರಕ್ಕೇಳಿದ್ರಂತೆ," ಎಂದರು. ನನಗೂ ಒಂದು ಕುಚೇಷ್ಟೆ ಹೊಳೆಯಿತು. ಟೀ ಲೋಟವನ್ನು ಬಾಯಿಗೆ ಅಡ್ಡ ಹಿಡಿದು, ವೈರೇ ಇಲ್ಲದೆ ಹೇಗೆ ಕೇಳಿಸಿತೆಂದು ಕೇಳಿದೆ. ಅವರು ಬಹಳ ಸಮಾಧಾನದಿಂದ ನನ್ನ ಲೋಟವನ್ನೇ ನೋಡುತ್ತಾ ಕೂತರು.

"ಟೀ ಕುಡ್ದು ಆಮೇಲ್ ಮಾತಾಡಿ ಸಾ. ಎರಡೂ ಒಟ್ಗೆ ಮಾಡುದ್ರೆ ನಂಗ್ ಗೊತ್ತಾಗಾಕಿಲ್ಲ."

ಲೋಟ ಕೆಳಗಿಟ್ಟು ಅದೇ ಪ್ರಶ್ನೆ ಕೇಳಿದೆ.

"ಕಾಂಪೋಂಡ್ರು ಮೀಸೆ ಕುಣೀತು, ಬೆರಳೆತ್ತಿದೆ. ಮಿಸಿನ್‌ಗೆ ವೈರ್ ಆಕಿಲ್ಲ ಅಂದ್ರೆ ಅದು ಅವರ ತಪ್ಪು. ಮೀಸೆಗೆ ವೈರ್ ಬೇಡವಲ್ಲ."

"ಎಷ್ಟು ಜನಕ್ಕೆ ಇದನ್ನ ಹೇಳಿಕೊಟ್ಟಿದ್ದೀರಿ?"

"ನಾನ್ಯಾರಿಗೂ ಯೋಳಿಲ್ಲ ಸಾ. ಬಾಯೇ ಬಿಡದೆ ಯೋಳ್ದಂಗಾಯ್ತದಾ?"

ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ಅವರ ದನಿ ತಗ್ಗಿತು. ದನಿ ತಗ್ಗಿದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ.

"ಕಿವಿ ಓಗಿ ಬೋ ದಿನಾ ಆಯ್ತು. ಅದ್ ಬುಡಿ. ಆ ತೋಟಕ್ಕೊಂದು ಕಳಿಸ್‌ಬ್ಯಾಡಿ."

ಆಫೀಸಿನ ಮುಂದೆ ಒಂದು ಗುಲಾಬಿ ತೋಟವಿತ್ತು. ಕೈಗೆ ಪೆಟ್ಟಾದವರು, ಕಣ್ಣು ಮಂಜಾದವರು, ಯಾವುದೋ ಪರೀಕ್ಷೆಯಲ್ಲಿ ಸೋತವರನ್ನು ಲೈಟ್ ಡ್ಯೂಟಿ ಎಂದು ಅಲ್ಲಿಗೆ ಹಾಕುತ್ತಿದ್ದರು. ಮುದಿ ದನಗಳನ್ನು ಕಟ್ಟುವ ಜಾಗದ ಹೆಸರಿನಲ್ಲಿ ಕಾರ್ಮಿಕರು ಅದನ್ನು ಪಿಂಜರಾಪೋಲು ಎಂದು ಕರೆಯುತ್ತಿದ್ದರು.

"ನಮ್ ಒಲ ಲೇಔಟ್‌ಗೆ ಓದ್ಮೇಲೆ ಇನ್ ಗಿಡಕ್ ನೀರುಯ್ಯಲ್ಲ ಅಂತ ಇಲ್ಲಿಗ್ ಬಂದೋನು ನಾನು. ದಿನಾ ಬೆಳಗ್ಗೆ ಎಲ್ಲಾ ನನ್ ಮುಂದೇನೇ ಗೇಟ್ ದಾಟ್ತಾರೆ. ಶೆಟ್ಟಳ್ಳಿ ಗುಲಾಬಿ ಆರೈಕೆ ಮಾಡ್ತಾವ್ನೆ ಅಂತ ನಗಾಕಿಲ್ವಾ? ಪ್ರೆಸ್ಸು ಕೆಟ್ರೆ ನಂಗ್ ಕಾಲಲ್ ಗೊತ್ತಾಯ್ತದೆ ಸಾ. ಅಂಗಾಲು ಯೋಳ್ತದೆ."

"ಅಪಾಯದ ಗಂಟೆ ಹೊಡೆದರೆ?"

"ಎದುರಿಗಿರೋನ ಮಕ ನೋಡ್ತೀನಿ."

ಈ ಉತ್ತರ ಮಾತ್ರ ನನಗೆ ಹಿಡಿಸಲಿಲ್ಲ. ನನ್ನ ಮುಖ ನೋಡಿ ಅವರಿಗೆ ಅದೂ ತಿಳಿಯಿತು. ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಆ ಮಫ್ಪು ತರಿಸಿ ಸಾ. ನಂಗಲ್ಲ. ಓದ್ ವರ್ಸ ಸೇರ್ಕೊಂಡವ್ರಿಗೆ ಇನ್ನೂ ಕಿವಿ ಅವೆ," ಎಂದರು.

ನಾನು ಸಿಕ್ಕಿಬಿದ್ದೆ. ಮಫ್ ಬರಬೇಕಾದರೆ ಒಬ್ಬ ಕಿವುಡ ಬೇಕು. ನನ್ನ ಬಳಿ ಇದ್ದ ಒಬ್ಬನೇ ಖಾತ್ರಿ ಕಿವುಡನನ್ನು ತೋರಿಸಿದರೆ ಅವರು ತೋಟಕ್ಕೆ ಹೋಗುತ್ತಾರೆ. ಉಳಿದವರನ್ನು ಮತ್ತೆ ಪರೀಕ್ಷಿಸಿ ಹಿಡಿದರೂ ಅವರ ಗತಿ ಅದೇ. ಸುಮ್ಮನಿದ್ದರೆ ಬಾವಲಿಗಳ ಗ್ರಾಫು ನೋಡಿ ವರ್ಕ್ಸ್ ಮ್ಯಾನೇಜರ್ ಕಡತ ಮುಚ್ಚುತ್ತಾರೆ.

ಅಪಾಯದ ಗಂಟೆಯ ವಿಷಯವನ್ನು ಮೊದಲು ಸರಿಮಾಡಿದೆ. ಗಂಟೆ ಹೊಡೆದಾಗ ಉರಿಯುವಂತೆ ಪ್ರತಿ ಪ್ರೆಸ್ಸಿನ ಮುಂದೆಯೂ ಕೆಂಪು ದೀಪ ಹಾಕಿಸಿದೆ. ಒಬ್ಬರಿಗೆ ಮಾತ್ರ ಹಾಕಿಸಿದರೆ ಗುಟ್ಟು ರಟ್ಟಾಗುತ್ತಿತ್ತು. ಆಮೇಲೆ ಡಾಕ್ಟರೂ ಇದ್ದ ಒಂದು ಮಧ್ಯಾಹ್ನ, ಹೊಸ ಉಪಕರಣ ನೋಡಲು ಬನ್ನಿ ಎಂದು ವರ್ಕ್ಸ್ ಮ್ಯಾನೇಜರರನ್ನು ಕರೆದೆ. ಅವರು ಬಂದು ಗೂಡನ್ನು ಒಮ್ಮೆ ತಟ್ಟಿ ನೋಡಿ, "ಯಾರನ್ನಾದ್ರೂ ಕೂರಿಸಿ, ನೋಡೋಣ," ಎಂದರು.

"ನಾನೇ ಕೂರ್ತೀನಿ ಸಾರ್," ಎಂದೆ.

ಒಳಗೆ ಹೋಗಿ ಸ್ಟೂಲನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಕೂತೆ. ಮೀಸೆ ಕಾಣಬಾರದು. ವೈರು ಹಾಕಿದೆಯೇ ಎಂದು ಎರಡು ಸಲ ಕೇಳಿದ್ದೆ. ಬಾಗಿಲು ಮುಚ್ಚಿತು.

ಇಲ್ಲಿಂದ ಮುಂದಿನದನ್ನು ನಾನು ಹಲವರಿಗೆ ಹಲವು ಬಗೆಯಲ್ಲಿ ಹೇಳಿದ್ದೇನೆ. ಬೇಕೆಂದೇ ಬೆರಳೆತ್ತದೆ ಕೂತೆ, ನಾಟಕವಾಡಿದೆ ಎಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೇನೆ. ಒಳಗೆ ಹೋಗುವ ಮೊದಲು ನಾನು ಕಣ್ಣು ಮಿಟುಕಿಸಿದೆ ಎಂದು ಕಾಂಪೌಂಡರು ಆಣೆ ಮಾಡುತ್ತಾರೆ. ನನಗೆ ಮಿಟುಕಿಸಿದ ನೆನಪಿಲ್ಲ. ನೆನಪಿರುವುದು ಇಷ್ಟು: ಎಲ್ಲೋ ದೂರದಲ್ಲಿ ಸಣ್ಣದೊಂದು ಸ್ವರ ಬಂದಂತಾಯಿತು. ಬಂತೇ, ಅಥವಾ ಬರಬಹುದೆಂದು ನಾನೇ ಕಲ್ಪಿಸಿಕೊಂಡೆನೇ? ನನ್ನ ರಕ್ತದ ಸದ್ದಿರಬಹುದು. ನೆಲದಿಂದ ಏರಿಬರುವ ಪ್ರೆಸ್ಸಿನ ಬಡಿತವಿರಬಹುದು. ಖಚಿತವಾಗದೆ ಹೇಗೆ ಬೆರಳೆತ್ತಲಿ? ಖಚಿತವಾಗುವಷ್ಟರಲ್ಲಿ ಸ್ವರ ಮುಗಿದಿರುತ್ತಿತ್ತು. ಮುಗಿದ ಮೇಲೆ ಎತ್ತುವುದು ಮೋಸ. ಹೀಗೆ ಹತ್ತು ನಿಮಿಷ ಬಹಳ ಪ್ರಾಮಾಣಿಕವಾಗಿ ಕೂತೆ. ಬೆರಳು ಒಟ್ಟು ಮೂರೋ ನಾಲ್ಕೋ ಸಲ ಎದ್ದಿರಬೇಕು. ಅದರಲ್ಲಿ ಒಂದು ಮೂಗು ತುರಿಸಿಕೊಳ್ಳಲು.

ಹೊರಗೆ ಬಂದಾಗ ಎಲ್ಲರೂ ನನ್ನನ್ನು ಆಸ್ಪತ್ರೆಯ ರೋಗಿಯನ್ನು ನೋಡುವಂತೆ ನೋಡುತ್ತಿದ್ದರು. ಡಾಕ್ಟರು ಹಾಳೆ ಹಿಡಿದು, ಅಗತ್ಯಕ್ಕಿಂತ ಗಟ್ಟಿಯಾಗಿ, "ಯಾವಾಗಿಂದ ಹೀಗೆ?" ಎಂದು ಕೇಳಿದರು. ನನ್ನ ಗೆರೆ ಕಾಗದದ ಮೇಲಿನಿಂದ ಜಾರಿ ಕೆಳಗಿನ ಅಂಚಿಗೆ ಬಿದ್ದಿತ್ತು.

ವರ್ಕ್ಸ್ ಮ್ಯಾನೇಜರ್ ಹಾಳೆಯನ್ನು ಕೈಗೆ ತೆಗೆದುಕೊಂಡರು. "ನೀವು ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯ್ತು?"

"ಮೂರು ಸಾರ್."

"ಪ್ರೆಸ್ ಶಾಪ್ ಒಳಗೆ ಕೆಲಸ ಮಾಡಿಲ್ಲವಲ್ಲ?"

"ಇಲ್ಲ ಸಾರ್. ನನ್ನ ರೂಮಿಗೂ ಅದಕ್ಕೂ ನಡುವೆ ಒಂದು ಗೋಡೆ ಇದೆ."

ಅವರು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು. ಅದೇ ಗೋಡೆಗೆ ಅಂಟಿಕೊಂಡು, ನನ್ನ ಕೋಣೆಯ ಪಕ್ಕದಲ್ಲಿ, ಹನ್ನೊಂದು ವರ್ಷದಿಂದ ಅವರ ಕೋಣೆಯೂ ಇತ್ತು.

"ತಾವೂ ಒಂದ್ಸಲ ಕೂತ್ಕೊಳ್ಳಿ ಸಾರ್," ಎಂದರು ಡಾಕ್ಟರು, ಬಹಳ ವಿನಯದಿಂದ.

"ಇನ್ನೊಂದಿನ. ಮೀಟಿಂಗ್ ಇದೆ," ಎಂದು ಅವರು ಹೊರಟರು. ಹೋಗುತ್ತಾ ಎಡಗೈಯ ಕಿರುಬೆರಳನ್ನು ಕಿವಿಯೊಳಗೆ ಹಾಕಿ ತಿರುಗಿಸಿದ್ದನ್ನು ನಾವು ಮೂವರೂ ನೋಡಿದೆವು.

ಆರ್ಡರಿಗೆ ಸಹಿ ಅಂದೇ ಬಿತ್ತು. ತಿಂಗಳೊಳಗೆ ಎಲ್ಲರಿಗೂ ಹಳದಿ ಬಣ್ಣದ ಮಫ್ ಬಂತು. ಅದಕ್ಕಿಂತ ಮೊದಲೇ ವರ್ಕ್ಸ್ ಮ್ಯಾನೇಜರರ ಕೋಣೆ ಗೇಟಿನ ಪಕ್ಕಕ್ಕೆ, ಗುಲಾಬಿ ತೋಟದ ಎದುರಿಗೆ ಹೋಯಿತು. ಸಾಹೇಬರಿಗೆ ಲೈಟ್ ಡ್ಯೂಟಿ ಆಯಿತೆಂದು ಪ್ರೆಸ್ ಶಾಪಿನವರು ಸನ್ನೆ ಮಾಡಿಕೊಂಡು ನಕ್ಕರು. ನನ್ನ ಕೋಣೆ ಇದ್ದಲ್ಲೇ ಉಳಿಯಿತು. ಶೆಟ್ಟಿಹಳ್ಳಿ ಅಣ್ಣನ ಹಾಳೆಯನ್ನು ನಾನು ತಿದ್ದಲಿಲ್ಲ. ವೈರನ್ನು ಯಂತ್ರಕ್ಕೆ ಜೋಡಿಸದೆ ತೆಗೆದ ಗ್ರಾಫು ನಮ್ಮ ಕಾರ್ಖಾನೆಯ ಅತ್ಯುತ್ತಮ ಕಿವಿಯೆಂದು ಫೈಲಿನಲ್ಲಿ ಉಳಿಯಿತು. ಕಲಿತವನು ಮಾಡಬಾರದ ಕೆಲಸ ಅದು, ಗೊತ್ತು. ನಿವೃತ್ತಿಯಾಗುವ ದಿನದವರೆಗೂ ಅವರು ಅದೇ ಪ್ರೆಸ್ಸಿನ ಮುಂದೆ ಇದ್ದರು.

ಐದಾರು ವರ್ಷದ ಮೇಲೆ, ವಿದ್ಯಾರಣ್ಯಪುರದ ಬಸ್ ಸ್ಟಾಪಿನ ಎದುರು ನಿಂತು ಬೋಂಡ ತಿನ್ನುತ್ತಿದ್ದೆ. ರಸ್ತೆಯ ಆಚೆ ಯಾರೋ ಅಂಗೈಯನ್ನು ತಲೆಯ ಮೇಲೆ ಹಿಂದಕ್ಕೆ ಸವರಿದರು. ನಾನು ಬೋಂಡವನ್ನು ಬೆನ್ನ ಹಿಂದೆ ಅಡಗಿಸಿ ನೆಟ್ಟಗೆ ನಿಂತೆ. ಆಮೇಲೆ ನೋಡಿದರೆ ಶೆಟ್ಟಿಹಳ್ಳಿ ಅಣ್ಣ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಗು ನಿಂತ ಮೇಲೆ ಅವರು ಮೂಗಿನ ಮೇಲೆ ಕನ್ನಡಕ ಸರಿಸಿದಂತೆ ಮಾಡಿ ನನ್ನನ್ನು ತೋರಿಸಿದರು, ಕಿವಿ ಮುಟ್ಟಿಕೊಂಡರು, ಅಂಗೈಯನ್ನು ಆಕಡೆ ಈಕಡೆ ಮಗುಚಿದರು. ಪ್ರೆಸ್ ಶಾಪಿನ ಭಾಷೆ ನನಗೂ ಅಷ್ಟಿಷ್ಟು ಬರುತ್ತಿತ್ತು. ಅವತ್ತು ಗೂಡಿನೊಳಗೆ ನಿಜವಾಗಿ ಕೇಳಿಸಲಿಲ್ಲವೋ, ಆಟವೋ ಎಂದು ಕೇಳುತ್ತಿದ್ದರು.

ಅವರಿಗಾದರೂ ನಿಜ ಹೇಳಬೇಕೆನಿಸಿತು. ಕೇಳಿಸಿತ್ತೆಂದು ಬೆರಳೆತ್ತಲೋ ಬೇಡವೋ ಎಂದು ಯೋಚಿಸಿದೆ. ತೀರ್ಮಾನಿಸುವಷ್ಟರಲ್ಲಿ ನಡುವೆ ಬಸ್ಸು ಬಂದು ನಿಂತಿತು. ಅದು ಹೋದ ಮೇಲೆ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.